ನನ್ನ ಪಾಲಿನ ಬೈಗುಳ

ಜುಲೈ ೬

ತಂಗಿಗೆ ಆಶೀರ್ವಾದ.

ಇಲ್ಲಿ ಕ್ಷೇಮ. ಕ್ಷೇಮ ಎಂದರೆ ಕೈಕಾಲು ಕ್ಷೇಮ, ಮನಸ್ಸಿನ ಸುದ್ದಿ ಮುಂದೆ ಬರೆಯುತ್ತೇನೆ. ಫೋನು ಇರುವಾಗ ಕಾಗದ ಯಾಕೆ ಎಂದು ನಿನ್ನ ಭಾವ ಅಲ್ಲಿಂದಲೇ ನಗುತ್ತಾರೆ. ನಗಲಿ. ಫೋನು ಮಾಡಿದರೆ ಅತ್ತೆ ಪಕ್ಕದಲ್ಲೇ ಕೂತು ಎರಡೂ ಕಡೆಯ ಮಾತು ಕೇಳಿಸಿಕೊಳ್ಳುತ್ತಾರೆ. ಅವರಿಗೆ ಮಂಜಾಗಿರುವುದು ಕಣ್ಣು, ಕಿವಿಯಲ್ಲ. ವಾರಗಿತ್ತಿಯರಿಬ್ಬರು ಮನಸ್ಸು ಬಿಚ್ಚಿ ಮಾತಾಡಲು ಕಾಗದವೇ ಸರಿ.

ನನ್ನ ಕೆಲಸದ ಮನೆ ನಾಲ್ಕನೆಯ ಮಹಡಿಯಲ್ಲಿದೆ. ನಾನು ನೋಡಿಕೊಳ್ಳಬೇಕಾದವರು ರಿಟೈರಾದ ಟೀಚರಮ್ಮ. ಗಾಲಿಕುರ್ಚಿಯಲ್ಲಿ ಕೂತು ದಿನವೆಲ್ಲ ಪುಸ್ತಕ ಓದುತ್ತಾರೆ. ಒಬ್ಬಳೇ ಮಗಳು, ಹಲ್ಲಿನ ಡಾಕ್ಟರು. ಊರಿನ ಇನ್ನೊಂದು ತುದಿಯಲ್ಲಿದ್ದಾಳೆ, ಭಾನುವಾರ ಬರುತ್ತಾಳೆ. ಅಡುಗೆ ನಾನು ಮಾಡುವ ಹಾಗಿಲ್ಲ, ಡಬ್ಬಿಯಲ್ಲಿ ಬರುತ್ತದೆ. ಬಟ್ಟೆಯನ್ನು ಮಷೀನು ಒಗೆಯುತ್ತದೆ. ಏಜೆನ್ಸಿಯವರು ಕೊಟ್ಟ ನೀಲಿ ಕೋಟು ತೊಟ್ಟು ಅವರ ಎದುರು ಕುರ್ಚಿಯಲ್ಲಿ ಕೂರುವುದೇ ನನ್ನ ಕೆಲಸ. ನೀರು ಕೊಟ್ಟರೆ ‘ತುಂಬಾ ಉಪಕಾರ’ ಎನ್ನುತ್ತಾರೆ. ದಿಂಬು ಸರಿಮಾಡಿದರೆ ‘ತುಂಬಾ ಉಪಕಾರ’. ಕಿಟಕಿ ತೆಗೆದರೂ ಅದೇ, ಮುಚ್ಚಿದರೂ ಅದೇ. ಇಂಥ ಮಾತು ಕೇಳಿ ನನಗೆ ಅಭ್ಯಾಸವಿಲ್ಲ. ಪ್ರತಿ ಸಲವೂ ಏನು ತಪ್ಪು ಮಾಡಿದೆನೋ ಎಂದು ಬೆಚ್ಚುತ್ತೇನೆ. ಬಾಲ್ಕನಿಯಲ್ಲಿ ಒಂದು ಗಿಡವಿದೆ. ಅದಾದರೂ ನನ್ನ ಪಾಲಿಗಿರಲಿ ಎಂದು ದಿನಾ ನೀರು ಹಾಕುತ್ತಿದ್ದೆ. ಮೊನ್ನೆ ಧೂಳು ಒರೆಸೋಣ ಎಂದು ಎಲೆ ಹಿಡಿದರೆ ಅದು ಪ್ಲಾಸ್ಟಿಕ್ಕು.

ಇರಲಿ. ವರ್ಷದ ಒಪ್ಪಂದ ಪೂರ್ತಿ ಮಾಡಿದವರಿಗೆ ಏಜೆನ್ಸಿಯವರು ನಮ್ಮ ಮನೆ ಹತ್ತಿರದ ಆಸ್ಪತ್ರೆಯಲ್ಲಿ ಕಾಯಂ ಕೆಲಸ ಕೊಡಿಸುತ್ತಾರೆ. ನಡುವೆ ಬಿಟ್ಟವರ ಹೆಸರು ಹೊಡೆದು ಹಾಕುತ್ತಾರೆ. ನಿನ್ನ ಭಾವನ ಬೆನ್ನು ಇನ್ನು ಮೂಟೆ ಹೊರುವ ಸ್ಥಿತಿಯಲ್ಲಿಲ್ಲ, ಅದಕ್ಕೇ ಅಲ್ಲವೇ ನಾನು ಬಂದದ್ದು. ನಿನ್ನ ಗಂಡ ಲಾರಿಯಲ್ಲೇ ಸಂಸಾರ ಹೂಡಿದವನು. ಆದರೂ ನೀನು ನಿನ್ನ ಮನೆಗೆ ಬೀಗ ಹಾಕಿ, ಅತ್ತೆಯನ್ನು ನೋಡಿಕೊಳ್ಳಲು ನಮ್ಮ ಮನೆಗೆ ಬಂದೆ. ಅದನ್ನು ಮರೆಯುವುದಿಲ್ಲ.

ಸಕ್ಕರೆ ಕಾಯಿಲೆಯ ಮಾತ್ರೆ ಊಟಕ್ಕೆ ಮುಂಚೆ ಕೊಡು. ಬೆಳಿಗ್ಗೆ ಕೈಹಿಡಿದು ಮುಂಬಾಗಿಲ ಬೆಂಚಿನವರೆಗೆ ನಡೆಸು. ಸಂಜೆ ಕಾಲಿಗೆ ಎಣ್ಣೆ ತಿಕ್ಕು. ಬೈಯುತ್ತಾರೆ, ಕಿವಿಗೆ ಹಾಕಿಕೊಳ್ಳಬೇಡ. ಎಣ್ಣೆ ಬಿಸಿಯಾದರೆ ಸುಡಲು ಬಂದಳು ಎನ್ನುತ್ತಾರೆ, ತಣ್ಣಗಿದ್ದರೆ ಹೆಣಕ್ಕೆ ಹಚ್ಚುತ್ತಿದ್ದಾಳೆ ಎನ್ನುತ್ತಾರೆ. ಮದುವೆಯಾಗಿ ಬಂದಂದಿನಿಂದ ನನಗೆ ಒಂದು ಒಳ್ಳೆಯ ಮಾತು ಆಡಿದವರಲ್ಲ.

ನಿನ್ನ ಅಕ್ಕ


ಜುಲೈ ೨೮

ಅಕ್ಕನಿಗೆ ನಮಸ್ಕಾರಗಳು.

ನಿಮ್ಮ ಕಾಗದವನ್ನು ಅಡುಗೆಮನೆಯಲ್ಲಿ ನಿಂತೇ ಓದಿದೆ. ಪ್ಲಾಸ್ಟಿಕ್ ಗಿಡದ ಹತ್ತಿರ ಬಂದಾಗ ನಗು ತಡೆಯಲಾಗಲಿಲ್ಲ.

ನೀವು ಹೆದರಿಸಿ ಹೋದ ಹಾಗೆ ಇಲ್ಲಿ ಏನೂ ಇಲ್ಲ. ಅತ್ತೆ ನನಗೆ ಒಂದು ದಿನವೂ ಬೈದಿಲ್ಲ. ಊಟ ಹೇಗಿದೆ ಎಂದರೆ ಚೆನ್ನಾಗಿದೆಯಮ್ಮ ಎನ್ನುತ್ತಾರೆ. ಎಣ್ಣೆಯ ಬಟ್ಟಲು ತಂದರೆ, ನೀನು ಯಾಕಮ್ಮ ನನ್ನ ಕಾಲು ಮುಟ್ಟಬೇಕು, ಪಾಪ, ಕೂತ್ಕೋ ಎಂದು ಬಟ್ಟಲನ್ನು ಇಸಿದುಕೊಂಡು ಪಕ್ಕಕ್ಕಿಡುತ್ತಾರೆ. ಸ್ನಾನವನ್ನೂ ಬಾಗಿಲು ಹಾಕಿಕೊಂಡು ತಾವೇ ಮಾಡಿಕೊಳ್ಳುತ್ತಾರೆ. ನನ್ನದು ಹೂವಿನಂಥ ಕೈ ಎಂದು ಪಕ್ಕದ ಮನೆಯ ದರ್ಜಿಯ ಹೆಂಡತಿಗೆ ಹೇಳಿದರಂತೆ. ಅವಳು ಬಂದು ನನಗೆ ಹೇಳಿದಳು.

ಮನೆಯ ಚಿಂತೆ ಬಿಡಿ. ಅಡುಗೆಮನೆಯ ಡಬ್ಬಿಗಳನ್ನು ಸ್ವಲ್ಪ ಬೇರೆ ಥರ ಜೋಡಿಸಿಕೊಂಡಿದ್ದೇನೆ, ಬೇಜಾರಿಲ್ಲ ತಾನೆ?

ನಿಮ್ಮ ತಂಗಿ


ಸೆಪ್ಟೆಂಬರ್ ೩

ತಂಗಿಗೆ,

ನಿನ್ನ ಕಾಗದ ಬಂದು ಬಹಳ ದಿನವಾಯಿತು. ಉತ್ತರಿಸಲು ಪುರುಸೊತ್ತಾಗಲಿಲ್ಲ ಎಂದು ಬರೆಯೋಣ ಎಂದುಕೊಂಡೆ. ಆದರೆ ಪುರುಸೊತ್ತು ಬಿಟ್ಟರೆ ನನಗೆ ಇಲ್ಲಿ ಬೇರೇನೂ ಇಲ್ಲ. ಹೊಟ್ಟೆ ಉರಿಯಿತು, ಅದಕ್ಕೇ ಬರೆಯಲಿಲ್ಲ. ಬೆಳಗಾದರೆ ದೇವರ ಹೆಸರು ಹೇಳುವ ಬಾಯಿ, ಸುಳ್ಳು ಯಾಕೆ.

ಹೂವಿನಂಥ ಕೈ! ನನ್ನ ಕೈಗೆ ಅವರಿಟ್ಟ ಹೆಸರು ಸೌಟು. ಆ ಸೌಟಿನಲ್ಲೇ ಅವರಿಗೆ ತಲೆ ಬಾಚಿದ್ದೇನೆ, ಟೈಫಾಯ್ಡ್ ಬಂದಾಗ ಗಂಜಿ ಕುಡಿಸಿದ್ದೇನೆ, ಕಾಲ ಬೆರಳಿನ ಸಂದಿಯನ್ನೂ ಬಿಡದೆ ಒರೆಸಿದ್ದೇನೆ. ಅಷ್ಟೂ ವರ್ಷ ಆ ಕಾಲಿಗೆ ನನ್ನ ಮೇಲೆ ಪಾಪ ಅನ್ನಿಸಲಿಲ್ಲ. ನೀನು ಹೋಗಿ ತಿಂಗಳಾಗುವುದರೊಳಗೆ ನಿನಗೆ ‘ಕೂತ್ಕೋ’.

ಬೆಳಿಗ್ಗೆ ಪ್ರಾರ್ಥನೆಗೆ ಕೂತಾಗ, ದೇವರೇ ನನ್ನ ತಂಗಿಗೆ ಒಳ್ಳೆಯದು ಮಾಡು ಎನ್ನುತ್ತೇನೆ. ಅಷ್ಟೊಂದು ಮಾಡಬೇಡ ಎಂದು ಒಳಗಿನಿಂದ ಇನ್ನೊಬ್ಬಳು ಹೇಳುತ್ತಾಳೆ. ದೇವರು ಯಾರ ಮಾತು ಕೇಳುತ್ತಾನೋ ಗೊತ್ತಿಲ್ಲ.

ಈ ಕೆಲಸ ಬಿಟ್ಟು ಬರೋಣ ಎನ್ನಿಸುತ್ತಿದೆ. ಏಜೆನ್ಸಿಯವನನ್ನು ಕೇಳಿಯೂ ಬಿಟ್ಟೆ. ಈ ಕೆಲಸಕ್ಕೆ ಜನ ಮೇಲೆ ಬಿದ್ದು ಬರುತ್ತಾರೆ, ಊಟ ಇದೆ, ಫ್ಯಾನ್ ಇದೆ, ಒಂದು ಗದರು ಮಾತಿಲ್ಲ, ನಿಮಗೇನಮ್ಮ ಕಷ್ಟ ಎಂದ. ಏನೂ ಇಲ್ಲದಿರುವುದೇ ಕಷ್ಟ ಎಂದು ಅವನಿಗೆ ಹೇಗೆ ಹೇಳಲಿ. ಟೀಚರಮ್ಮ ಒಳ್ಳೆಯವರೇ. ಆದರೆ ನಾನು ಇದ್ದರೂ ಒಂದೇ, ನನ್ನ ಕೋಟು ಮಾತ್ರ ಕುರ್ಚಿಯ ಮೇಲೆ ಕೂತಿದ್ದರೂ ಒಂದೇ.

ಡಬ್ಬಿಗಳನ್ನು ಮೊದಲಿದ್ದ ಹಾಗೆ ಇಡು. ಉಪ್ಪಿನ ಡಬ್ಬಿ ಒಲೆಯ ಎಡಕ್ಕೆ.

ಅಕ್ಕ


ನವೆಂಬರ್ ೧೦

ಅಕ್ಕನಿಗೆ ನಮಸ್ಕಾರಗಳು.

ಡಬ್ಬಿಗಳನ್ನು ಅಂದೇ ಮೊದಲಿನ ಹಾಗೆ ಇಟ್ಟೆ. ನನ್ನ ಮಾತಿನಿಂದ ನಿಮಗೆ ನೋವಾಗಿದ್ದರೆ ಕ್ಷಮಿಸಿ. ಏನು ಬರೆದರೆ ಸರಿ ಎಂದು ತಿಳಿಯದೆ ಇಷ್ಟು ದಿನ ಸುಮ್ಮನಿದ್ದೆ.

ದಯವಿಟ್ಟು ಕೆಲಸ ಬಿಡಬೇಡಿ. ಭಾವ ಮೊನ್ನೆ ಮೂಟೆ ಎತ್ತಲು ಹೋಗಿ ಎರಡು ದಿನ ಮಲಗಿದ್ದರು, ನಿಮಗೆ ಹೇಳಬೇಡ ಎಂದಿದ್ದಾರೆ. ಆಸ್ಪತ್ರೆಯ ಕೆಲಸ ಸಿಕ್ಕರೆ ಮನೆಗೆ ನೆಲೆಯಾಗುತ್ತದೆ. ಇಲ್ಲಿ ನಾನಿದ್ದೇನಲ್ಲ. ಅತ್ತೆ ನನ್ನ ಜೊತೆ ಹಾಯಾಗಿದ್ದಾರೆ. ಚಳಿ ಶುರುವಾಯಿತೆಂದು ಉಣ್ಣೆಯ ಕಾಲುಚೀಲ ಹೆಣೆದು ಕೊಟ್ಟೆ. ಎಷ್ಟು ಇಷ್ಟವಾಯಿತೆಂದರೆ, ಹಾಕಿಕೊಂಡವರು ಮತ್ತೆ ಬಿಚ್ಚಿಲ್ಲ. ಒಗೆಯಲು ಕೊಡಿ ಎಂದರೆ, ನೀನು ಹೆಣೆದದ್ದಲ್ವೇನಮ್ಮ, ಇರಲಿ ಬಿಡು ಎಂದು ನಗುತ್ತಾರೆ.

ನಿಮ್ಮ ತಂಗಿ


ಡಿಸೆಂಬರ್ ೨

ತಂಗಿಗೆ,

ಕಾಲುಚೀಲದ ಸಂಗತಿ ತಿಳಿಯಿತು. ಸಂತೋಷ.

ಹೋದ ವರ್ಷ ನಾನು ಅವರಿಗೊಂದು ಕಂದು ಬಣ್ಣದ ಶಾಲು ತಂದಿದ್ದೆ. ಇದೇನು ಗೋಣಿಯಾ ಎಂದು ಕೇಳಿ ಪೆಟ್ಟಿಗೆಗೆ ಹಾಕಿಸಿದರು. ಈಗಲೂ ಅಲ್ಲೇ ಇರಬೇಕು, ಬಟ್ಟೆಗಳ ಕೆಳಗೆ. ತೆಗೆಯುವ ಅಗತ್ಯವೇನೂ ಇಲ್ಲ, ಮಾತಿಗೆ ಬರೆದೆ.

ನೀನು ನನ್ನನ್ನು ಇಲ್ಲೇ ಇರು ಎನ್ನುವುದು ಯಾಕೆಂದು ನನಗೆ ಅರ್ಥವಾಗುತ್ತದೆ. ಇರುತ್ತೇನೆ. ಒಪ್ಪಂದ ಮುಗಿದ ಮೇಲೂ ಅಲ್ಲಿಗೆ ಬರಬೇಕೋ ಬೇಡವೋ ಅದನ್ನೂ ನೀನೇ ಬರೆದು ತಿಳಿಸು. ಮನೆ ನಿನ್ನದೇ ಆಗಿದೆಯಲ್ಲ.

ಅಕ್ಕ


ಫೆಬ್ರವರಿ ೨೦

ಅಕ್ಕನಿಗೆ ನಮಸ್ಕಾರಗಳು.

ಹೋದ ಕಾಗದಕ್ಕೆ ಉತ್ತರ ಬರೆಯಲು ಕೂತು ಕೂತು ಎದ್ದಿದ್ದೇನೆ. ಮನೆ ನನ್ನದಲ್ಲ, ನಿಮ್ಮದೇ. ಅದಕ್ಕಿಂತ ಹೆಚ್ಚು ಬರೆಯಲು ನನಗೆ ಬರುವುದಿಲ್ಲ.

ಬಿಸಿಲು ಆಗಲೇ ಏರುತ್ತಿದೆ. ಅತ್ತೆ ಈಗ ಬೆಂಚಿನವರೆಗೆ ಬರುವುದಿಲ್ಲ, ಇಲ್ಲೇ ತಂಪಾಗಿದೆ ಬಿಡಮ್ಮ ಎಂದು ಮಂಚದ ಮೇಲೇ ಇರುತ್ತಾರೆ. ಕಾಲುಚೀಲ ಮಾತ್ರ ಬಿಟ್ಟಿಲ್ಲ. ಈ ಸೆಕೆಯಲ್ಲೂ ಯಾಕೆ ಎಂದರೆ ರೂಢಿಯಾಯಿತು ಎನ್ನುತ್ತಾರೆ. ಕೊಟ್ಟಷ್ಟು ಉಣ್ಣುತ್ತಾರೆ, ಹೆಚ್ಚು ಕೇಳುವುದಿಲ್ಲ. ಯಾವುದಕ್ಕೂ ತಕರಾರಿಲ್ಲ. ಅಕ್ಕ, ಒಮ್ಮೊಮ್ಮೆ ಮನೆ ಬಹಳ ಸದ್ದಿಲ್ಲದೆ ಇರುತ್ತದೆ.

ನಿಮ್ಮ ತಂಗಿ


ಮಾರ್ಚ್ ೯

ತಂಗಿ,

ಇದನ್ನು ಕೊರಿಯರ್‌ನಲ್ಲಿ ಕಳಿಸುತ್ತಿದ್ದೇನೆ. ಬೆಳಿಗ್ಗೆ ಫೋನಿನಲ್ಲಿ ಕಾಲುಚೀಲ ಬಿಚ್ಚಿ ನೋಡು ಎಂದೆ. ಬಿಚ್ಚಲು ಬಿಡುವುದಿಲ್ಲ ಅಕ್ಕ, ಚೆನ್ನಾಗಿದ್ದೇನೆ ಎನ್ನುತ್ತಾರೆ ಎಂದೆ ನೀನು. ಹಿಂದಿನಿಂದ ಅವರ ದನಿ ಕೇಳಿಸಿತು, ಹೆಚ್ಚು ಹೇಳಲಾಗಲಿಲ್ಲ. ನಿನ್ನ ಭಾವನಿಗೂ ಹೇಳಿದೆ. ಅಮ್ಮನೇ ಚೆನ್ನಾಗಿದೆ ಎನ್ನುವಾಗ ನಿನ್ನದೇನು ಎಂದರು. ಗಂಡುಮಕ್ಕಳಿಗೆ ತಾಯಿಯ ಮುಖದಿಂದ ಕೆಳಗೆ ಏನೂ ಕಾಣುವುದಿಲ್ಲ.

ನಿನ್ನೆ ಭಾನುವಾರ. ಟೀಚರಮ್ಮನ ಮಗಳು ಎಂದಿನಂತೆ ಬಂದಳು. ಚಪ್ಪಲಿ ಬಿಡುವುದರೊಳಗೆ ಟೀಚರಮ್ಮನ ಬಾಯಿ ಶುರುವಾಯಿತು. ವಾರವೆಲ್ಲ ಉಪಕಾರ ಉಪಕಾರ ಎನ್ನುವ ಬಾಯಿ ಅದೇನಾ ಎಂದು ನಾನು ನೋಡುತ್ತಲೇ ನಿಂತೆ.

“ಈಗ ಬಂತಾ ಮಹಾರಾಣಿಗೆ ದಾರಿ? ಊರವರ ಹಲ್ಲೆಲ್ಲ ನೋಡಿ ಮುಗೀತಾ? ಈ ಕುರ್ಚಿ ಮೆತ್ತೆ ಹರಿದು ಕಬ್ಬಿಣ ಸೊಂಟಕ್ಕೆ ಒತ್ತುತ್ತಾ ಇದೆ, ಮಗ್ಗುಲು ಬದಲಾಯಿಸೋಕೆ ಆಗಲ್ಲ, ಸಾಯಲಿ ಮುದುಕಿ ಅಂತ ಬಿಟ್ಟಿದ್ದೀಯಾ?”

ತಂಗಿ, ವಾರವೆಲ್ಲ ಆ ಕುರ್ಚಿಯ ಎದುರು ಕೂತವಳು ನಾನು. ಮೆತ್ತೆ ಎತ್ತಿ ನೋಡಿದೆವು. ಕಬ್ಬಿಣದ ಪಟ್ಟಿ ಒತ್ತಿ ಒತ್ತಿ ಅವರ ಸೊಂಟದಲ್ಲಿ ನೀಲಿಗಟ್ಟಿತ್ತು. ನನಗೆ ಅಳುವೇ ಬಂತು. ನನ್ನ ಹತ್ತಿರ ಒಂದು ಮಾತು ಹೇಳಬಾರದಿತ್ತೇ ಎಂದು ಕೇಳಿದೆ. ಅವರು ನನ್ನ ಕೈ ತಟ್ಟಿದರು.

“ನೀವು ಎಷ್ಟು ಒಳ್ಳೆಯವರು. ನಿಮ್ಮ ಹತ್ತಿರ ಅದನ್ನೆಲ್ಲ ಹೇಗೆ ಹೇಳೋದು?”

ಮಗಳನ್ನು ಲಿಫ್ಟಿನವರೆಗೆ ಬಿಡಲು ಹೋದೆ. ಅವಳು ಗುಂಡಿ ಒತ್ತಿ, ಬಾಗಿಲು ನೋಡುತ್ತಾ ನಿಂತಿದ್ದಳು. ನನ್ನ ಕಡೆ ತಿರುಗದೆ ಹೇಳಿದಳು: “ಅಮ್ಮ ನಿಮ್ಮನ್ನ ಹೊಗಳೋದು ಕೇಳಿದ್ರೆ ನನಗೆ ಹೊಟ್ಟೆಕಿಚ್ಚಾಗುತ್ತೆ. ನಾನು ಹುಟ್ಟಿದಾಗಿನಿಂದ ನನಗೆ ಒಂದು ಒಳ್ಳೆ ಮಾತು ಆಡಿಲ್ಲ.”

ನಾನು ನಿನಗೆ ಬರೆದ ಮಾತದು. ಲಿಫ್ಟು ಅವಳನ್ನು ಕರೆದುಕೊಂಡು ಹೋಯಿತು. ನಾನು ಅಲ್ಲೇ ನಿಂತು, ಅತ್ತೆ ಕಾಲುಚೀಲ ಬಿಚ್ಚದಿರುವುದು ನೀನು ಹೆಣೆದದ್ದಕ್ಕಲ್ಲ ಎಂದುಕೊಂಡೆ.

ನನ್ನ ಅಡುಗೆಗೆ ಒಂದು ದಿನವೂ ತಕರಾರು ತಪ್ಪಿಸದವರು ಈಗ ಕೊಟ್ಟದ್ದನ್ನು ಉಣ್ಣುತ್ತಾರೆ. ಬೆಂಚಿನಲ್ಲಿ ಕೂತು ದಾರಿಹೋಕರನ್ನೆಲ್ಲ ವಿಚಾರಿಸುತ್ತಿದ್ದವರು ಮಂಚ ಬಿಟ್ಟು ಏಳುವುದಿಲ್ಲ. ನೀನು ಇದನ್ನೆಲ್ಲ ಬರೆದೇ ಬರೆದೆ. ಪ್ರತಿಯೊಂದನ್ನೂ ನಾನು ನಿನಗೆ ಸಿಕ್ಕ ಬಹುಮಾನ ಎಂದು ಓದಿಕೊಂಡೆ. ಹೊಟ್ಟೆಕಿಚ್ಚಿನ ಕಣ್ಣಿಗೆ ಬೇರೇನು ಕಂಡೀತು.

ಅವರು ನಿನ್ನನ್ನು ನೆಂಟಳ ಹಾಗೆ ಇಟ್ಟುಕೊಂಡಿದ್ದಾರೆ. ನೆಂಟರ ಎದುರು ಯಾರೂ ಹುಣ್ಣು ಬಿಚ್ಚುವುದಿಲ್ಲ. ಸಕ್ಕರೆ ಕಾಯಿಲೆಯ ಕಾಲು, ತಡಮಾಡುವ ಹಾಗಿಲ್ಲ. ಈಗ ನಾನು ಹೇಳಿದ ಹಾಗೆ ಮಾಡು. ನಯವಾಗಿ ಕೇಳಬೇಡ. ಇವತ್ತು ಗಂಜಿಗೆ ಉಪ್ಪು ಹಾಕಬೇಡ. ಪಾತ್ರೆ ಸದ್ದು ಮಾಡಿ ಇಡು. ಬಾಗಿಲು ದಬ್ಬೆಂದು ಹಾಕು. ಕಾಲು ಚಾಚ್ತೀರೋ ಇಲ್ವೋ, ನನಗೇನು ಬೇರೆ ಕೆಲಸ ಇಲ್ವಾ ಎಂದು ಗದರು. ಅವರಿಗೆ ಸಿಟ್ಟು ಬರಬೇಕು. ಒಂದು ಸಲ ಬೈಯಲು ಬಾಯಿ ತೆರೆದರೆ ಆಮೇಲೆ ಕಾಲು ಬಚ್ಚಿಡುವುದಿಲ್ಲ.

ಇದನ್ನು ಹೇಳಿಕೊಡಲು ನನ್ನ ಜೀವಕ್ಕೆ ಹಿತವಾಗಿಲ್ಲ ಎನ್ನುವುದೂ ನಿನಗೆ ಗೊತ್ತಿರಲಿ. ಇದೊಂದೇ ನನ್ನದು ಅಂತ ಇದ್ದದ್ದು.

ಅಕ್ಕ


ಮಾರ್ಚ್ ೧೪

ಅಕ್ಕನಿಗೆ ನಮಸ್ಕಾರಗಳು.

ಆಸ್ಪತ್ರೆಯಲ್ಲಿ ಅತ್ತೆಯ ಮಂಚದ ಪಕ್ಕ ಕೂತು ಬರೆಯುತ್ತಿದ್ದೇನೆ. ಗಾಬರಿಯಾಗಬೇಡಿ. ಭಾವ ಫೋನಿನಲ್ಲಿ ಹೇಳಿದ್ದಷ್ಟೇ ವಿಷಯ, ಕಾಲು ಉಳಿಯುತ್ತದೆ. ಇನ್ನೊಂದು ವಾರ ಬಿಟ್ಟಿದ್ದರೆ ಪಾದವೇ ಹೋಗುತ್ತಿತ್ತು ಎಂದರು ಡಾಕ್ಟರು. ಚಳಿ ಶುರುವಾದಾಗಲೇ ಬಚ್ಚಲ ಹೊಸ್ತಿಲು ತಾಗಿ ಹಿಮ್ಮಡಿ ಸೀಳಿತ್ತಂತೆ. ಅಲ್ಲಿ ಮುಷ್ಟಿಯಷ್ಟು ಕಪ್ಪಾಗಿತ್ತು. ಕಾಲುಚೀಲ ಮಾಂಸಕ್ಕೆ ಅಂಟಿಕೊಂಡಿತ್ತು. ನಾನು ಹೆಣೆದ ಕಾಲುಚೀಲ, ಅಕ್ಕ. ಕತ್ತರಿಸಿ ತೆಗೆಯಬೇಕಾಯಿತು.

ನೀವು ಹೇಳಿದ ಹಾಗೆ ಜಗಳ ಮಾಡಲು ನನಗೆ ಬರಲಿಲ್ಲ. ಬಾಗಿಲು ಹಾಕಿದರೆ ಮೆತ್ತಗೆ ಹಾಕಿಕೊಂಡಿತು. ಉಪ್ಪಿಲ್ಲದ ಗಂಜಿ ಕೊಟ್ಟೆ, ಅದನ್ನೂ ಚೆನ್ನಾಗಿದೆಯಮ್ಮ ಎಂದುಬಿಟ್ಟರು. ಆಗ ನನಗೆ ತಡೆಯಲಾಗಲಿಲ್ಲ. ಗಂಜಿಯ ಪಾತ್ರೆ ಎತ್ತಿ ನೆಲಕ್ಕೆ ಹಾಕಿದೆ. ಅಕ್ಕನ ಹತ್ತಿರವಾದರೆ ಹೀಗೇ ಹೇಳ್ತಿದ್ರಾ, ನಾನು ಯಾರು ನಿಮಗೆ ಎಂದು ಕೂಗಿದೆ. ಅದು ನಾಟಕವಲ್ಲ. ಮೊದಲು ನಿಮ್ಮ ಮನೆಗೆ ಬಂದಾಗಲೆಲ್ಲ ನನ್ನನ್ನು ಕುರ್ಚಿಯಲ್ಲಿ ಕೂರಿಸುತ್ತಿದ್ದರು. ಒಳಗೆ ಅವರು ನಿಮಗೆ ಬೈಯುವುದು, ನೀವು ಎದುರು ಗೊಣಗುವುದು ಕೇಳಿಸುತ್ತಿತ್ತು. ಲೋಟ ಹಿಡಿದುಕೊಂಡು ಕೂತು, ನಾನು ಯಾವಾಗ ಆ ಬಾಗಿಲು ದಾಟುತ್ತೇನೋ ಎಂದುಕೊಳ್ಳುತ್ತಿದ್ದೆ. ಅವರು ನನ್ನನ್ನು ಹೊಗಳಿದ್ದನ್ನೆಲ್ಲ ನಿಮಗೆ ಒಂದೂ ಬಿಡದೆ ಬರೆದದ್ದು ಅದಕ್ಕೇ.

ಅವರು ಚೆಲ್ಲಿದ ಗಂಜಿಯ ಕಡೆ ಮುಖ ತಿರುಗಿಸಿದರು. ಆಮೇಲೆ, “ಗಂಜಿಗೆ ಉಪ್ಪು ಹಾಕೋಕೆ ನಿನ್ನ ಕೈಗೇನೇ ದಾಡಿ? ಮಾಡೋದೂ ಮಾಡಿ ನೆಲಕ್ಕೆ ಬೇರೆ ಸುರೀತೀಯಾ?” ಎಂದರು. ಎಂದು ಕಾಲು ಚಾಚಿದರು.

ನನಗೆ ಸಿಕ್ಕಿದ್ದು ಅಷ್ಟೇ. ನಿಮ್ಮದು ಬೇರೆ ಇದೆ. ಇವತ್ತು ಬೆಳಿಗ್ಗೆ, ಅವಳಿಗೆ ಬರಿ, ನಾನು ಹೇಳಿದ್ದು ಹೇಳಿದ ಹಾಗೇ ಬರಿ ಎಂದರು. ಬರೆದಿದ್ದೇನೆ:

“ಬರಬೇಡ ಅಂತ ಬರಿ ಅವಳಿಗೆ. ಇಲ್ಲಿ ಯಾರೂ ಅವಳ ದಾರಿ ಕಾಯ್ತಾ ಕೂತಿಲ್ಲ. ಅಲ್ಲೇ ಫ್ಯಾನ್ ಕೆಳಗೆ ಕೂತ್ಕೊಂಡು ಕಂಡೋರ ಸೇವೆ ಮಾಡ್ಲಿ, ಪುಣ್ಯ ಬರುತ್ತೆ. ದೇವರು ದೇವರು ಅಂತಾಳಲ್ಲ, ಅಲ್ಲೂ ಇದ್ದಾನಂತೆ ದೇವರು. ಆ ಗೋಣಿ ಶಾಲು ಎಲ್ಲಿ ತುರುಕಿದ್ದಾಳೆ ಕೇಳು. ಈ ಆಸ್ಪತ್ರೆ ಏಸೀಲಿ ಚಳಿ. ಇಟ್ಟಿದ್ದು ಇನ್ನೊಬ್ಬರ ಕೈಗೆ ಸಿಗದ ಹಾಗೆ ಇಡೋದೇ ಅವಳ ಬುದ್ಧಿ. ನರ್ಸಮ್ಮ ಕಾಲಿಗೆ ಬಟ್ಟೆ ಸುತ್ತುತ್ತಾಳೆ, ಹಪ್ಪಳ ಹಿಡಿದ ಹಾಗೆ ಹಿಡೀತಾಳೆ, ಅವಳ ಸೌಟು ಕೈಯೇ ವಾಸಿ ಅಂತ ಬರೀಬೇಡ, ಸೊಕ್ಕು ಬರುತ್ತೆ. ಕಣ್ಣಿಗೆ ಕಾಣಿಸ್ಕೋಬೇಡ ಅಂತ ಬರಿ. ವರ್ಷ ಆಗ್ಲಿ, ಹತ್ತು ವರ್ಷ ಆಗ್ಲಿ, ಅಲ್ಲೇ ಇರ್ಲಿ.”

ಶಾಲು ನಾನೇ ಪೆಟ್ಟಿಗೆಯಿಂದ ತಂದುಕೊಡುತ್ತೇನೆ ಎಂದೆ. ನೀನು ಮುಟ್ಟಬೇಡ, ಇಟ್ಟವಳೇ ತೆಗೀಲಿ ಎಂದರು.

ಹೀಗೆ ಖಂಡಿತವಾಗಿ ಬರಬೇಡ ಎಂದಿದ್ದಾರೆ, ಅಕ್ಕ. ನೀವು ಮನಸ್ಸಿಗೆ ಹಚ್ಚಿಕೊಳ್ಳದೆ ಉಳಿದ ಮೂರೂವರೆ ತಿಂಗಳು ಮುಗಿಸಿಯೇ ಬನ್ನಿ. ಕಾಯಂ ಕೆಲಸ ಕೈತಪ್ಪುವುದು ಬೇಡ. ಇಲ್ಲಿ ನಾನು ನಿಭಾಯಿಸುತ್ತೇನೆ.

ನಿಮ್ಮ ತಂಗಿ


ಮಾರ್ಚ್ ೧೮

ತಂಗಿಗೆ ಆಶೀರ್ವಾದ.

ನೀನು ಓದು ಬರಹ ಬಲ್ಲವಳು, ಬುದ್ಧಿವಂತೆ. ಆದರೆ ಆ ಮನೆಯಲ್ಲಿ ಇನ್ನೂ ಹೊಸಬಳು. ಅತ್ತೆ ಈ ಜನ್ಮದಲ್ಲಿ ಯಾರನ್ನೂ ಬಾ ಎಂದು ಕರೆದವರಲ್ಲ. ಮಾವ ಆಸ್ಪತ್ರೆಯಲ್ಲಿದ್ದಾಗ ನಾನು ಹೆರಿಗೆಗೆಂದು ತವರಿನಲ್ಲಿದ್ದೆ. ಅಲ್ಲೇ ಬಿದ್ದಿರಲಿ ಎಂದು ಎರಡು ಸಲ ಹೇಳಿ ಕಳಿಸಿದರು. ಈಗ ಮದುವೆಯಾಗಿ ಹೋಗಿರುವ ಮಗಳು ಆಗ ಹಸುಗೂಸು, ಎತ್ತಿಕೊಂಡು ಹೊರಟೆ. ಹೋಗಿ ನೋಡಿದರೆ ಬಾಗಿಲಲ್ಲೇ ನಿಂತಿದ್ದರು. ಯಾಕೆ ಬಂದೆ ಎಂದು ಬೈದು, ಮಗುವನ್ನು ಕಿತ್ತುಕೊಂಡು ಒಳಗೆ ಹೋದರು.

ಈ ಸಲ ಬರಬೇಡ ಎಂದು ಇಷ್ಟುದ್ದ ಹೇಳಿದ್ದಾರೆ. ಅಷ್ಟುದ್ದ ಹಿಂದೆಂದೂ ಹೇಳಿರಲಿಲ್ಲ. ಶನಿವಾರ ಹೊರಡುತ್ತೇನೆ.

ಏಜೆನ್ಸಿಯವನಿಗೆ ಹೇಳಿದೆ. ಮೂರೂವರೆ ತಿಂಗಳಿಗೋಸ್ಕರ ಕೈಗೆ ಬಂದದ್ದನ್ನು ಒದೀತೀರಲ್ಲಮ್ಮ, ಹೆಸರು ಹೊಡೆದು ಹಾಕ್ತೀನಿ, ಮತ್ತೆ ಈ ಕಡೆ ಬರೋ ಹಾಗಿಲ್ಲ ಎಂದ. ಹೊಡಿಯಪ್ಪ ಎಂದೆ. ಲಿಫ್ಟಿನಲ್ಲಿ ಇಳಿಯುವಾಗ ಕಣ್ಣೀರು ಬಂತು, ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ನಿನ್ನ ಭಾವನ ಬೆನ್ನು ಕಣ್ಣಿಗೆ ಕಟ್ಟಿತು. ಮೈ ಬಗ್ಗಿಸುವ ಕೆಲಸ ಎಲ್ಲಾದರೂ ಸಿಕ್ಕೀತು, ದೇವರಿದ್ದಾನೆ. ಸುಮ್ಮನೆ ಕೂರಿಸಿ ಉಪಕಾರ ಹೇಳುವ ಕೆಲಸ ಮಾತ್ರ ನನಗೆ ಬೇಡ.

ಟೀಚರಮ್ಮನನ್ನು ಮಗಳು ತನ್ನ ಮನೆಗೇ ಕರೆದುಕೊಂಡು ಹೋಗುತ್ತಾಳೆ. ಹೊಸ ಮೆತ್ತೆ ತಂದಿದ್ದಾಳೆ. ಕಲ್ಲಿನ ಹಾಗಿದೆ, ಎಲ್ಲಿಂದ ಆರಿಸಿ ತಂದೆ ಎಂದು ಬೈಸಿಕೊಂಡಳು. ನನ್ನನ್ನು ನೋಡಿ ಒಂದು ಥರ ನಕ್ಕಳು. ಆ ನಗು ನೋಡಿ ನನಗೆ ಆ ಗಳಿಗೆಯೇ ಮನೆಗೆ ಓಡಬೇಕು ಎನ್ನಿಸಿತು.

ಶಾಲು ಮುಟ್ಟಬೇಡ. ನಾನೇ ತೆಗೆಯುತ್ತೇನೆ.

ನೀನು ನಿನ್ನ ಮನೆಯ ಬೀಗ ತೆಗೆಯುವ ಅವಸರ ಮಾಡಬೇಡ. ಆ ಕಾಲು ವಾಸಿಯಾಗಲು ಇಬ್ಬರ ಕೈ ಬೇಕು. ಒಂದು ಕಾಲಿಗೆ ನೀನು ಎಣ್ಣೆ ತಿಕ್ಕು, ಗಾಯದ ಕಾಲು ನನ್ನದು. ಉಪ್ಪಿನ ಡಬ್ಬಿಯನ್ನು ಬೇಕಾದರೆ ನಿನಗೆ ಅನುಕೂಲವಾದ ಕಡೆಯೇ ಇಟ್ಟುಕೋ.

ಒಂದು ಮಾತು. ದಾಡಿ ಎಂದರಲ್ಲ ನಿನಗೆ, ಆ ಮಾತು ನನಗೆ ಒಂದು ಸಲವೂ ಸಿಕ್ಕಿಲ್ಲ. ಓದುವಾಗ ಹೊಟ್ಟೆಯಲ್ಲಿ ಮತ್ತೆ ಚುರುಕ್ ಎಂದಿತು. ಆದದ್ದು ಆಯಿತು. ನಾನು ಬರುವ ತನಕ ಇನ್ನು ಹೆಚ್ಚು ಬೈಸಿಕೊಳ್ಳಬೇಡ. ನನಗೂ ಸ್ವಲ್ಪ ಉಳಿದಿರಲಿ.

ನಿನ್ನ ಅಕ್ಕ